ಪಂಚಾಂಗ ತಿದ್ದಿದ ಬಾಗಲಕೋಟೆಯ ಮಾಸ್ತರರು

ನಮ್ಮ ಭಾಗದ ಊರುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಈ ವಾದ ಇದ್ದದ್ದೇ. ಒಂದು ಪಂಚಾಂಗದಲ್ಲಿ ಏಕಾದಶಿ ಸೋಮವಾರ, ಇನ್ನೊಂದರಲ್ಲಿ ಮಂಗಳವಾರ. ಒಂದು ಮನೆಯಲ್ಲಿ ಉಪವಾಸ, ಪಕ್ಕದ ಮನೆಯಲ್ಲಿ ಹೋಳಿಗೆ. ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು ಆಗ ಒಂದು ಮಾತು ಹೇಳುತ್ತಾರೆ: "ಗ್ರಹಣ ಸರಿಯಾಗಿ ಹೇಳುವ ಪಂಚಾಂಗ ಏಕಾದಶಿ ತಪ್ಪು ಹೇಳೀತೇ?"

ಮೇಲ್ನೋಟಕ್ಕೆ ಉತ್ತರವಿಲ್ಲದ ಪ್ರಶ್ನೆ ಇದು. ಆದರೆ ಉತ್ತರ ಇದೆ. ಆ ಉತ್ತರಕ್ಕಾಗಿ ಆಯುಷ್ಯವನ್ನೇ ಸವೆಸಿದವರಲ್ಲಿ ಒಬ್ಬರು ನಮ್ಮ ಉತ್ತರ ಕರ್ನಾಟಕದ ಶಾಲೆಯೊಂದರ ಮುಖ್ಯೋಪಾಧ್ಯಾಯರು. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಒಬ್ಬ ಶಾಲಾ ಮಾಸ್ತರರನ್ನು ನೆನೆಯುವುದು ಯೋಗ್ಯವೆಂದು ಈ ಬರಹ.

ಮೊದಲು ತಿಥಿ ಎಂದರೇನು ನೋಡೋಣ. ಅಮಾವಾಸ್ಯೆಯಂದು ಸೂರ್ಯ ಚಂದ್ರರು ಆಕಾಶದಲ್ಲಿ ಒಂದೇ ದಿಕ್ಕಿನಲ್ಲಿರುತ್ತಾರೆ. ಅಲ್ಲಿಂದ ಚಂದ್ರ ಮುಂದಕ್ಕೆ ಸರಿಯುತ್ತಾ ಸೂರ್ಯನಿಂದ 12 ಅಂಶ ದೂರವಾದರೆ ಪಾಡ್ಯ ಮುಗಿಯಿತು, 24 ಅಂಶವಾದರೆ ಬಿದಿಗೆ ಮುಗಿಯಿತು. ಹೀಗೆ 30 ತಿಥಿಗಳು. ಚಂದ್ರ ಒಂದೇ ವೇಗದಲ್ಲಿ ನಡೆದಿದ್ದರೆ ಲೆಕ್ಕ ಸುಲಭವಿತ್ತು. ಅವನು ಕೆಲವು ದಿನ ಸುಮಾರು 12 ಅಂಶ ನಡೆದರೆ, ಕೆಲವು ದಿನ 15 ಅಂಶ ಓಡುತ್ತಾನೆ. ಭೂಮಿಯ ಸುತ್ತ ಅವನ ದಾರಿ ಸರಿಯಾದ ವೃತ್ತವಲ್ಲ, ಜೊತೆಗೆ ಸೂರ್ಯನೂ ಅವನನ್ನು ಜಗ್ಗುತ್ತಿರುತ್ತಾನೆ.

ನಮ್ಮ ಪ್ರಾಚೀನ ಗಣಿತಜ್ಞರು ಚಂದ್ರನ ಈ ಏರುಪೇರಿಗೆ ಮಂದಫಲ ಎಂಬ ತಿದ್ದುಪಡಿ ಮಾಡಿದ್ದರು. ಅದು ಹೆಚ್ಚೆಂದರೆ 5 ಅಂಶ. ಆ ಐದು ಎಲ್ಲಿಂದ ಬಂತು? ಬಹುಮಟ್ಟಿಗೆ ಗ್ರಹಣಗಳಿಂದ. ಲೆಕ್ಕ ಸರಿಯೋ ತಪ್ಪೋ ಎಂದು ಊರಿಗೆ ಊರೇ ನೋಡಿ ಹೇಳಬಹುದಾದ ಪರೀಕ್ಷೆ ಗ್ರಹಣ. ಗ್ರಹಣ ಆಗುವುದು ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಮಾತ್ರ. ಆ ಎರಡು ಹೊತ್ತಿನಲ್ಲಿ ಸೂರ್ಯನ ಸೆಳೆತದ ಮುಖ್ಯ ಪರಿಣಾಮ ಮಂದಫಲದೊಳಗೇ ಕರಗಿ ಹೋಗುತ್ತದೆ, ಐದು ಅಂಶದ ತಿದ್ದುಪಡಿ ಸಾಕಾಗುತ್ತದೆ. ಅಷ್ಟಮಿಯ ಆಚೀಚೆ ಹಾಗಲ್ಲ. ಆಗ ನಿಜವಾದ ವ್ಯತ್ಯಾಸ ಏಳೂವರೆ ಅಂಶದವರೆಗೂ ಹೋಗುತ್ತದೆ. ಉಳಿದ ಎರಡೂವರೆ ಅಂಶವೆಂದರೆ ಐದು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ಕಾಲದ ಲೆಕ್ಕದಲ್ಲಿ ಸುಮಾರು 12 ಘಳಿಗೆ, ಅಂದರೆ ಐದು ತಾಸು. ತಿಥಿ ಒಂದು ದಿನದಿಂದ ಇನ್ನೊಂದಕ್ಕೆ ಜಾರಲು ಇಷ್ಟು ಸಾಕು.

ಆದ್ದರಿಂದ ಕಟ್ಟೆಯ ಮೇಲಿನ ಹಿರಿಯರ ಪ್ರಶ್ನೆಗೆ ಉತ್ತರ ಇದು: ಗ್ರಹಣ ಸರಿ ಹೇಳುವ ಪಂಚಾಂಗ ಏಕಾದಶಿಯನ್ನು ತಪ್ಪು ಹೇಳಬಹುದು. ಗ್ರಹಣಕ್ಕೆ ಆಕಾಶವೇ ಸಾಕ್ಷಿ. ಏಕಾದಶಿ ಇಷ್ಟು ಘಳಿಗೆಗೆ ಮುಗಿಯಿತೆಂದು ಬರಿಗಣ್ಣಿಗೆ ಯಾವ ಸಾಕ್ಷಿಯೂ ಇಲ್ಲ.

ಇದರಿಂದ ಹಿಂದಿನವರು ಕಣ್ಣು ಮುಚ್ಚಿ ಕುಳಿತಿದ್ದರೆಂದು ಯಾರೂ ತಿಳಿಯಬಾರದು. ಕೇರಳದ ನಿಳಾ ನದಿಯ ದಂಡೆಯಲ್ಲಿದ್ದ ಪರಮೇಶ್ವರರು 1393ರಿಂದ 1432ರವರೆಗೆ ತಾವು ಕಂಡ ಗ್ರಹಣಗಳನ್ನು ಬರೆದಿಟ್ಟರು. ಲೆಕ್ಕಕ್ಕೂ ನೋಟಕ್ಕೂ ಅಂತರ ಕಂಡದ್ದರಿಂದ 1431ರಲ್ಲಿ 'ದೃಗ್ಗಣಿತ' ಎಂಬ ಹೊಸ ಪದ್ಧತಿಯನ್ನೇ ರಚಿಸಿದರು. ಕಣ್ಣಿಗೆ ಕಾಣುವುದರೊಂದಿಗೆ ಹೊಂದುವ ಗಣಿತ ಎಂದು ಅದರ ಅರ್ಥ. ಕೊಂಕಣ ತೀರದ ನಂದಿಗ್ರಾಮದಲ್ಲಿ ಕೇಶವ ದೈವಜ್ಞರು ಗ್ರಹಗಳನ್ನು ತಾವೇ ನೋಡಿ, ಹಳೆಯ ಲೆಕ್ಕಗಳಲ್ಲಿ ಎಷ್ಟೆಷ್ಟು ತಪ್ಪುತ್ತಿದೆ ಎಂದು ದಾಖಲಿಸಿ, ಮುಂದೆ ಬರುವ ಗಣಕರೂ ಹೀಗೆಯೇ ನೋಡಿ ತಿದ್ದಿಕೊಳ್ಳಬೇಕೆಂದು ಹೇಳಿ ಹೋದರು. ಅವರ ಮಗ ಗಣೇಶ ದೈವಜ್ಞರು 1520ರಲ್ಲಿ ಬರೆದ 'ಗ್ರಹಲಾಘವ' ಎಷ್ಟು ಸುಲಭವಾಗಿತ್ತೆಂದರೆ ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಪಂಚಾಂಗ ಮಾಡುವವರು ಅದನ್ನೇ ಹಿಡಿದರು. ಮುನ್ನೂರು ವರ್ಷ ದಾಟಿದರೂ ಬಿಡಲಿಲ್ಲ. ತಿದ್ದಿಕೊಳ್ಳಿ ಎಂಬ ತಂದೆಯ ಮಾತು ಮರೆತುಹೋಯಿತು, ಮಗನ ಪುಸ್ತಕ ಉಳಿಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಜಡತೆ ಮುರಿಯಿತು. ಮದರಾಸು ವೀಕ್ಷಣಾಲಯದ ಸಹಾಯಕ ಚಿಂತಾಮಣಿ ರಘುನಾಥಾಚಾರಿಯವರು 1867ರಲ್ಲಿ, ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ದಕ್ಷಿಣ ಆಕಾಶದಲ್ಲಿ ಗುರುತಿಸಿದರು. ಹಗಲಿನ ಹೊತ್ತು 'ದೃಗ್ಗಣಿತ ಪಂಚಾಂಗ' ಎಂಬ ಅದೇ ಹಳೆಯ ಹೆಸರಿನಲ್ಲಿ ಹೊಸ ಲೆಕ್ಕದ ಪಂಚಾಂಗ ಹೊರತಂದರು. 1874ರ ಡಿಸೆಂಬರ್ 9ರಂದು ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಕಪ್ಪು ಚುಕ್ಕೆಯಾಗಿ ಹಾದುಹೋಗುವುದಿತ್ತು. ಅದನ್ನು ಜನರಿಗೆ ಮುಂಚಿತವಾಗಿ ತಿಳಿಸಲು ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಅಚ್ಚಾಯಿತು. ದೂರದರ್ಶಕದ ಹಿಂದೆ ಕುಳಿತ ವಿದ್ವಾಂಸ ಹಳ್ಳಿಯ ಓದುಗನಿಗಾಗಿ ಅವನ ಭಾಷೆಯಲ್ಲಿ ಬರೆಸಿದ್ದು ಆ ಕಾಲಕ್ಕೆ ದೊಡ್ಡ ಮಾತು.

ಈಗ ನಮ್ಮ ಮಾಸ್ತರರಿಗೆ ಬರೋಣ. ವೆಂಕಟೇಶ ಬಾಪೂಜಿ ಕೇತಕರರು ಹುಟ್ಟಿದ್ದು 1854ರಲ್ಲಿ, ಬಾಲ್ಯ ಕಳೆದದ್ದು ನರಗುಂದದಲ್ಲಿ. ಬಾಬಾಸಾಹೇಬನ ಬಂಡಾಯವಾದ 1858ರಲ್ಲಿ ಅವರು ನಾಲ್ಕು ವರ್ಷದ ಮಗು. ಮುಂಬಯಿ ಪ್ರಾಂತದ ಶಿಕ್ಷಣ ಖಾತೆಗೆ ಸೇರಿ, ಬಾಗಲಕೋಟೆಯ ಇಂಗ್ಲಿಷ್ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಅವರ ಕೈಯಲ್ಲಿ ವೀಕ್ಷಣಾಲಯವಿರಲಿಲ್ಲ. ಇದ್ದದ್ದು ಸಂಸ್ಕೃತ ಸಿದ್ಧಾಂತಗಳ ಓದು, ಇಂಗ್ಲಿಷ್, ಮತ್ತು ಯುರೋಪಿನ ಖಗೋಳಜ್ಞರು ಸಿದ್ಧಪಡಿಸಿದ ಸೂರ್ಯ, ಚಂದ್ರ, ಗ್ರಹಗಳ ಕೋಷ್ಟಕಗಳು. ನೂರಾರು ವರ್ಷಗಳ ವೀಕ್ಷಣೆ ಆ ಕೋಷ್ಟಕಗಳಲ್ಲಿ ಅಡಗಿತ್ತು. ಅವನ್ನು ನಮ್ಮ ತಿಥಿ, ನಕ್ಷತ್ರ, ರಾಶಿಗಳ ಚೌಕಟ್ಟಿಗೆ ತಂದು, ಸಾಮಾನ್ಯ ಪಂಚಾಂಗಕರ್ತ ಕೂಡ ಬಳಸಬಲ್ಲ ಹಾಗೆ ಅವರು 'ಜ್ಯೋತಿರ್ಗಣಿತ', 'ಕೇತಕೀ ಗ್ರಹಗಣಿತ' ಗ್ರಂಥಗಳನ್ನು ಸಂಸ್ಕೃತದಲ್ಲೇ ರಚಿಸಿದರು. ಸಂಸ್ಕೃತವನ್ನೇ ಆರಿಸಿದ್ದು ಜಾಣತನವೆಂದು ನನಗೆ ತೋರುತ್ತದೆ. ಇಂಗ್ಲಿಷಿನಲ್ಲಿ ಬರೆದಿದ್ದರೆ ಜೋಯಿಸರು ಆ ಪುಸ್ತಕವನ್ನು ಮುಟ್ಟುತ್ತಿರಲಿಲ್ಲ.

ಅವರ ಕೆಲಸವನ್ನು ಕೂಡಲೇ ಗುರುತಿಸಿದವರು ಇನ್ನೊಬ್ಬ ಮಾಸ್ತರರು, ಪುಣೆಯ ಶಂಕರ ಬಾಲಕೃಷ್ಣ ದೀಕ್ಷಿತರು. 1896ರಲ್ಲಿ ಮರಾಠಿಯಲ್ಲಿ ಪ್ರಕಟವಾದ ದೀಕ್ಷಿತರ ಭಾರತೀಯ ಜ್ಯೋತಿಷ ಶಾಸ್ತ್ರದ ಇತಿಹಾಸದಲ್ಲಿ ಕೇತಕರರ ಪರಿಚಯವಿದೆ. ಲೆಕ್ಕವನ್ನು ಹಿಂದಕ್ಕೂ ನಡೆಸಬಹುದು ಎಂಬುದನ್ನು ದೀಕ್ಷಿತರು ಚೆನ್ನಾಗಿ ಬಲ್ಲವರು. ನಮ್ಮ ಕನ್ನಡ ಶಾಸನಗಳಲ್ಲಿ ಸೂರ್ಯಗ್ರಹಣ, ಸೋಮಗ್ರಹಣದಂದು ದತ್ತಿ ಬಿಟ್ಟರೆಂಬ ಮಾತು ಮತ್ತೆ ಮತ್ತೆ ಬರುತ್ತದಲ್ಲ, ಶಕವರ್ಷ ಅಳಿಸಿಹೋದ ಕಲ್ಲಿಗೂ ಆ ಗ್ರಹಣವೇ ತೇದಿ ಹೇಳಿಕೊಡಬಹುದು. ಫ್ಲೀಟ್ ಸಾಹೇಬರು ಗುಪ್ತರ ಶಾಸನಗಳ ಕಾಲ ಗೊತ್ತುಮಾಡುವಾಗ ದೀಕ್ಷಿತರ ಗಣಿತವನ್ನೇ ನೆಚ್ಚಿಕೊಂಡಿದ್ದರು.

ಹೊಸ ಗಣಿತಕ್ಕೆ ವಿರೋಧ ಬಾರದೆ ಇರಲಿಲ್ಲ. ತಿಥಿ ಬೆಳೆದರೆ ಐದು ಘಳಿಗೆ, ಕುಗ್ಗಿದರೆ ಆರು ಘಳಿಗೆ ಎಂಬ 'ಬಾಣವೃದ್ಧಿ ರಸಕ್ಷಯ' ನಿಯಮ ಸಂಪ್ರದಾಯದಲ್ಲಿ ಗಟ್ಟಿಯಾಗಿ ಕುಳಿತಿತ್ತು. ಅಂದರೆ ತಿಥಿ 65 ಘಳಿಗೆ ಮೀರದು, 54ಕ್ಕೆ ಇಳಿಯದು. ನಿಜವಾದ ಚಂದ್ರ ಈ ಕಟ್ಟನ್ನು ಒಪ್ಪುವುದಿಲ್ಲ. ಅವನ ತಿಥಿ 67 ಘಳಿಗೆಯ ಹತ್ತಿರಕ್ಕೂ ಹೋಗುತ್ತದೆ, 50ರ ಹತ್ತಿರಕ್ಕೂ ಬರುತ್ತದೆ. ಶ್ರಾದ್ಧ, ವ್ರತಗಳ ನಿರ್ಣಯ ಹಳೆಯ ನಿಯಮದ ಮೇಲೆ ನಿಂತಿದೆ, ಅದನ್ನು ಕದಲಿಸಬೇಡಿ ಎಂದವರ ಅಳಲನ್ನು ಹಗುರವಾಗಿ ಕಾಣಬಾರದು. ತಂದೆಯ ತಿಥಿ ಯಾವ ದಿನ ಎಂಬುದು ಮಗನಿಗೆ ಬರೀ ಗಣಿತವಲ್ಲ. ಹೊಸದನ್ನು ಒಪ್ಪಿದವರಲ್ಲೂ ಒಮ್ಮತವಿರಲಿಲ್ಲ. ರಾಶಿಚಕ್ರದ ಆರಂಭವನ್ನು ರೇವತಿ ನಕ್ಷತ್ರದಿಂದ ಹಿಡಿಯಬೇಕೆಂದು ಲೋಕಮಾನ್ಯ ತಿಲಕರ ಪಕ್ಷ, ಚಿತ್ತಾ ನಕ್ಷತ್ರಕ್ಕೆ ಎದುರಾದ ಬಿಂದುವಿನಿಂದ ಹಿಡಿಯಬೇಕೆಂದು ಕೇತಕರರ ಪಕ್ಷ. ಎರಡಕ್ಕೂ ಸುಮಾರು ನಾಲ್ಕು ಅಂಶದ ಅಂತರ. ಅಧಿಕ ಮಾಸವೇ ಬೇರೆ ಬೇರೆ ಬರುವ ವರ್ಷಗಳೂ ಉಂಟು.

1911ರಲ್ಲಿ ಕೇತಕರರು ಇನ್ನೊಂದು ಸಾಹಸ ಮಾಡಿದರು. ಆಗ ತಿಳಿದಿದ್ದ ಕೊನೆಯ ಗ್ರಹ ನೆಪ್ಚೂನ್. ಅದರಾಚೆ ಇನ್ನೂ ಎರಡು ಗ್ರಹಗಳಿರಬೇಕೆಂದು ಲೆಕ್ಕ ಹಾಕಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲನೆಯದು ಭೂಮಿ ಸೂರ್ಯರ ಅಂತರದ 38.95 ಪಟ್ಟು ದೂರದಲ್ಲಿ, ಸುತ್ತಲು 242 ವರ್ಷ. 1930ರಲ್ಲಿ ಅಮೆರಿಕದ ಕ್ಲೈಡ್ ಟಾಂಬೋ ಪ್ಲೂಟೋವನ್ನು ಕಂಡುಹಿಡಿದಾಗ ಅದರ ದೂರ 39.5 ಪಟ್ಟು, ಅವಧಿ 248 ವರ್ಷ ಎಂದು ತಿಳಿಯಿತು. ಅಭಿಮಾನದಿಂದ ಇದನ್ನು ದೊಡ್ಡದು ಮಾಡುವವರಿದ್ದಾರೆ. ಪ್ಲೂಟೋ ತೀರ ಸಣ್ಣದು, ಉಳಿದ ಗ್ರಹಗಳನ್ನು ಜಗ್ಗುವಷ್ಟು ತೂಕ ಅದಕ್ಕಿಲ್ಲ. ಹೊಂದಾಣಿಕೆಯಲ್ಲಿ ಅದೃಷ್ಟದ ಪಾಲು ಇದ್ದೇ ಇದೆ. ಎರಡನೆಯ ಗ್ರಹ ಅವರು ಹೇಳಿದಲ್ಲಿ ಸಿಗಲಿಲ್ಲ. ಅವರ ನಿಜವಾದ ಕೀರ್ತಿ ಪಂಚಾಂಗದ್ದು. ಪ್ಲೂಟೋ ಸಿಕ್ಕ ಆ 1930ರಲ್ಲೇ ಕೇತಕರರು ತೀರಿಕೊಂಡರು.

ಸ್ವಾತಂತ್ರ್ಯದ ನಂತರ ಭಾರತ ಸರ್ಕಾರ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಿಸಿತು. 1955ರ ಅದರ ವರದಿ ದೃಕ್ ಗಣಿತವನ್ನೇ ಎತ್ತಿ ಹಿಡಿಯಿತು, ನಕ್ಷತ್ರ ಗಣನೆಗೆ ಚಿತ್ತಾ ಪಕ್ಷವನ್ನೇ ಒಪ್ಪಿತು. ಇಂದು ನಮ್ಮ ಗೋಡೆಯ ಮೇಲೆ ನೇತಾಡುವ ಬಹುಪಾಲು ಕ್ಯಾಲೆಂಡರುಗಳ ತಿಥಿ ಈ ಹಾದಿಯಲ್ಲೇ ಬಂದದ್ದು.

ಶಾಲೆಯ ಮಕ್ಕಳಿಗೆ ಪರೀಕ್ಷಿಸುವ ಮನಸ್ಸಿದ್ದರೆ 2028ರ ಡಿಸೆಂಬರ್ 31ರ ರಾತ್ರಿ ನಮಗೆ ಖಗ್ರಾಸ ಚಂದ್ರಗ್ರಹಣವಿದೆ. ಎಂಟೂವರೆ ದಾಟಿದ ಮೇಲೆ ಭೂಮಿಯ ನೆರಳು ಚಂದ್ರನ ಅಂಚು ಹಿಡಿಯುತ್ತದೆ. ಹತ್ತು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ ಗ್ರಹಣದ ನಟ್ಟನಡು. ದೂರದರ್ಶಕ ಬೇಡ, ಒಂದು ಗಡಿಯಾರ, ಒಂದು ನೋಟ್‌ಬುಕ್ಕು ಸಾಕು. ಮನೆಯಲ್ಲಿರುವ ಪಂಚಾಂಗಗಳನ್ನೆಲ್ಲ ಪಕ್ಕದಲ್ಲಿ ತೆರೆದಿಟ್ಟುಕೊಂಡು, ಸ್ಪರ್ಶ ಎಷ್ಟು ಗಂಟೆಗೆ, ಮೋಕ್ಷ ಎಷ್ಟು ಗಂಟೆಗೆ ಎಂದು ಬರೆದಿಡಬಹುದು.