ನರಪೊರೆಯ ರೋಗವೂ ಬಿಳಿಯ ರಕ್ತಕಣಗಳೂ: ಒಂದು ಚಾರಿತ್ರಿಕ ವಿಚಾರ

ತುಮಕೂರು ನಗರದಲ್ಲಾಗಲಿ, ಗುಬ್ಬಿ ಕುಣಿಗಲುಗಳಂತಹ ತಾಲ್ಲೂಕು ಸ್ಥಳಗಳಲ್ಲಾಗಲಿ, ಕಾಲು ಜೋಮುಹಿಡಿದಿದೆಯೆಂದೋ ಒಂದು ಕಣ್ಣು ಮಂಜಾಗಿದೆಯೆಂದೋ ವೈದ್ಯರ ಬಳಿಗೆ ಹೋದವರಿಗೆ ಸಾಮಾನ್ಯವಾಗಿ ಮೊದಲು ದೊರೆಯುವುದು ರಕ್ತಪರೀಕ್ಷೆಯ ಚೀಟಿ. ಅದರಲ್ಲಿ ಬಿಳಿಯ ರಕ್ತಕಣಗಳ ಸಂಖ್ಯೆಯನ್ನು ಹೇಳುವ ಒಂದು ಸಾಲು ಇರುವುದು. ಘನ ಮಿಲಿಮೀಟರಿಗೆ ಸುಮಾರು 4,000ದಿಂದ 11,000ದವರೆಗೆ ಇದ್ದರೆ ಅದನ್ನು ಸಹಜವೆಂದು ಎಣಿಸುತ್ತಾರೆ. ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನರರೋಗವುಳ್ಳವರಲ್ಲಿ ಈ ಸಾಲು ಬಹುಮಟ್ಟಿಗೆ ಸಹಜವಾಗಿಯೇ ಇರುತ್ತದೆ. ಆದರೆ ಆ ರೋಗದಲ್ಲಿ ನರತಂತುಗಳ ಮೇಲಣ ಮಯಲಿನ್ ಎಂಬ ಪೊರೆಯನ್ನು ಕೆಡಿಸುವವು ಆ ಬಿಳಿಯ ಕಣಗಳೇ. ಕೇಡುಮಾಡುವವರು ಮನೆಯೊಳಗೇ ಇದ್ದು ತಲೆಯೆಣಿಕೆಯಲ್ಲಿ ವ್ಯತ್ಯಾಸವೇನೂ ಕಾಣದಂತಹ ಈ ಸ್ಥಿತಿಯನ್ನು ಅರಿಯುವುದಕ್ಕೆ ವೈದ್ಯಶಾಸ್ತ್ರಕ್ಕೆ ನೂರು ವರ್ಷಗಳಿಗೂ ಮಿಕ್ಕಿದ ಕಾಲ ಹಿಡಿಯಿತು. ಚೀಟಿ ಸರಿಯಾಗಿದೆಯೆಂಬ ಮಾತ್ರಕ್ಕೆ ರೋಗವೇ ಇಲ್ಲವೆಂದು ತಿಳಿದು ಹಿಂದಿರುಗುವವರು ಇಂದಿಗೂ ಇರುವುದರಿಂದ ಈ ಚರಿತ್ರೆ ಕೇವಲ ಕುತೂಹಲದ ವಿಷಯವಲ್ಲ.

ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಅಲ್ಲಲ್ಲಿ ಗಟ್ಟಿಯಾದ ಮಚ್ಚೆಗಳು ಬೀಳುವುದನ್ನು ಕಾರ್ಸ್‌ವೆಲ್ ಎಂಬ ಬ್ರಿಟಿಷ್ ವೈದ್ಯನು 1838ರಲ್ಲಿ ಪ್ರಕಟವಾದ ತನ್ನ ಚಿತ್ರಗಳಲ್ಲಿ ತೋರಿಸಿದನು. ಹೆಚ್ಚುಕಡಮೆ ಅದೇ ಕಾಲದಲ್ಲಿ ಪ್ಯಾರಿಸಿನ ಕ್ರೂವೇಲಿಯೇ ಎಂಬುವನೂ ಅವನ್ನು ವರ್ಣಿಸಿದನು. ಈ ಮಚ್ಚೆಗಳನ್ನು ರೋಗಿಯ ಲಕ್ಷಣಗಳೊಡನೆ ಹೊಂದಿಸಿ ಇದೊಂದು ಪ್ರತ್ಯೇಕ ರೋಗವೆಂದು 1868ರಲ್ಲಿ ಸ್ಥಾಪಿಸಿದವನು ಶಾರ್ಕೋ. ಅವನ ಕೀರ್ತಿಯ ಮರೆಯಲ್ಲಿ ಇನ್ನೊಬ್ಬನ ಮಾತು ಅಡಗಿಹೋಯಿತೆಂದು ತೋರುತ್ತದೆ. ಜರ್ಮನಿಯ ರಿಂಡ್‌ಫ್ಲೈಷ್ ಎಂಬುವನು 1863ರಲ್ಲಿಯೇ ಪ್ರತಿಯೊಂದು ಮಚ್ಚೆಯ ನಡುವೆಯೂ ಒಂದು ಸಣ್ಣ ರಕ್ತನಾಳವಿರುವುದನ್ನು ಕಂಡು, ಕೇಡು ರಕ್ತದ ದಾರಿಯಿಂದಲೇ ಬರುತ್ತಿರಬೇಕೆಂದು ಊಹಿಸಿದ್ದನು. ಬಿಳಿಯ ಕಣಗಳಿಗೆ ಬಣ್ಣಹಾಕಿ ಒಂದೊಂದು ಜಾತಿಯನ್ನೂ ಬೇರೆಬೇರೆಯಾಗಿ ಗುರುತಿಸುವ ವಿದ್ಯೆಯು ಎರ್ಲಿಖನಿಂದ 1879ರಲ್ಲಿ ಹೊರಟುದಾಗಿದ್ದು, ರಿಂಡ್‌ಫ್ಲೈಷನಿಗೆ ಆ ಸಾಧನವಿರಲಿಲ್ಲ. ಎಡಿನ್‌ಬರೋ ನಗರದ ಡಾಸನ್ 1916ರಲ್ಲಿ ಮಚ್ಚೆಗಳನ್ನು ಸೂಕ್ಷ್ಮದರ್ಶಕದಲ್ಲಿ ವಿಸ್ತಾರವಾಗಿ ಪರೀಕ್ಷಿಸಿ, ನಾಳಗಳ ಸುತ್ತಲೂ ಕಣಗಳು ಮುತ್ತಿರುವುದನ್ನು ವಿವರಿಸಿದನು.

ಕಣಗಳು ಅಲ್ಲಿರುವುದು ಕಂಡಿತು. ಆದರೆ ಅವು ಕೇಡಿಗೆ ಕಾರಣವೋ, ಕೆಟ್ಟುದನ್ನು ಗುಡಿಸಲು ಬಂದವೋ? ಈ ಪ್ರಶ್ನೆಗೆ ಉತ್ತರ ದೊರೆತುದು ಅನಿರೀಕ್ಷಿತವಾದ ಒಂದು ಕಡೆಯಿಂದ. ಆ ಭಾಗವು ಕನ್ನಡನಾಡಿಗೂ ಸೇರಿದ್ದು.

ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳ ಸುತ್ತಲೂ ಹದಿನಾಲ್ಕು ಸೂಜಿ ಹಾಕಿಸಿಕೊಳ್ಳಬೇಕೆಂಬ ಮಾತನ್ನು ಹಳ್ಳಿಯ ಹಿರಿಯರಲ್ಲಿ ಕೇಳದವರಿಲ್ಲ. ಪಾಸ್ತರನು 1885ರಲ್ಲಿ ತೊಡಗಿದ ಚಿಕಿತ್ಸೆಯನ್ನು ಮಾರ್ಪಡಿಸಿ, ಕುರಿಯ ಮಿದುಳಿನಿಂದ ಲಸಿಕೆ ಮಾಡುವ ಕ್ರಮವನ್ನು ಕಸೌಲಿಯಲ್ಲಿ 1911ರಲ್ಲಿ ರೂಢಿಗೆ ತಂದವನು ಡೇವಿಡ್ ಸೆಂಪಲ್. ದಕ್ಷಿಣದಲ್ಲಿ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಸ್ಥಾಪಿತವಾದ ಪಾಸ್ತರ್ ಸಂಸ್ಥೆಯು ಹುಚ್ಚುನಾಯಿ ಕಡಿತದ ಚಿಕಿತ್ಸೆಗೆ ಹೆಸರಾಯಿತು. ಈ ಲಸಿಕೆಯಿಂದ ಉಳಿದ ಜೀವಗಳು ಅಸಂಖ್ಯಾತ. ಆದರೆ ಲಸಿಕೆ ಹಾಕಿಸಿಕೊಂಡವರಲ್ಲಿ ಕೆಲವರಿಗೆ, ಹುಚ್ಚಿನ ಯಾವ ಚಿಹ್ನೆಯೂ ಇಲ್ಲದೆ, ಕಾಲುಗಳ ಸ್ವಾಧೀನ ತಪ್ಪುವುದು, ಮೂತ್ರ ಕಟ್ಟುವುದು, ಕಣ್ಣು ಮಂಜಾಗುವುದು ಮುಂತಾದ ತೊಂದರೆಗಳುಂಟಾದುವು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ರಿವರ್ಸ್ ಎಂಬುವನು ಇದರ ಕಾರಣವನ್ನರಸಿ, ಕೋತಿಗಳಿಗೆ ಮಿದುಳಿನ ಸಾರವನ್ನು ಮೇಲಿಂದ ಮೇಲೆ ಚುಚ್ಚಿದಾಗ, ಯಾವ ರೋಗಾಣುವೂ ಇಲ್ಲದೆ ಅವುಗಳ ಮಯಲಿನ್ ಪೊರೆ ಕಳಚಿದುದನ್ನು 1933ರಲ್ಲಿಯೂ 1935ರಲ್ಲಿಯೂ ವರದಿಮಾಡಿದನು. ಅನ್ಯಪ್ರಾಣಿಯ ಮಿದುಳಿನ ಮೇಲೆ ಹಗೆ ಕಲಿತ ದೇಹವು ತನ್ನ ಮಿದುಳನ್ನೂ ಹಗೆಯೆಂದು ಭ್ರಮಿಸಿತ್ತು. ಮುಂದೆ 1960ರಲ್ಲಿ ಪ್ಯಾಟರ್‌ಸನ್ ಎಂಬುವನು ಹೀಗೆ ರೋಗ ತಗುಲಿದ ಇಲಿಗಳ ದುಗ್ಧಗ್ರಂಥಿಗಳಿಂದ ಕಣಗಳನ್ನು ತೆಗೆದು ಆರೋಗ್ಯವಾದ ಇಲಿಗಳಿಗೆ ಸೇರಿಸಲು, ಅವಕ್ಕೂ ರೋಗ ಬಂದಿತು. ಅಪರಾಧಿಯು ಲಿಂಫೋಸೈಟ್ ಎಂಬ ಬಿಳಿಯ ಕಣವೆಂಬುದು ಇದರಿಂದ ಸಿದ್ಧವಾಯಿತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1974ರಲ್ಲಿ ಏರ್ಪಟ್ಟ ಮೇಲೆ ಅಲ್ಲಿನ ವೈದ್ಯರು ಇಂತಹ ರೋಗಿಗಳನ್ನು ಪರೀಕ್ಷಿಸಿ, ಈ ಲಸಿಕೆಯಿಂದಾಗುವ ನರಸಂಬಂಧವಾದ ತೊಡಕುಗಳನ್ನು ಕುರಿತು 1984ರಲ್ಲಿ ವಿವರವಾದ ಲೇಖನವನ್ನು ಪ್ರಕಟಿಸಿದರು. ಭಾರತದಲ್ಲಿ ಮಿದುಳಿನ ಲಸಿಕೆಯ ಬಳಕೆ ನಿಂತುದು 2004ರ ಕೊನೆಗೆ. ಪ್ರಯೋಗಶಾಲೆಯಲ್ಲಿ ಕೋತಿಗಳ ಮೇಲೆ ನಡೆದುದಕ್ಕೆ ಸದೃಶವಾದುದು ಈ ದೇಶದ ಬಡವರ ಮೈಮೇಲೆ ತೊಂಬತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತೆಂದರೆ ಕಠಿನವಾದ ಮಾತಾಗಬಹುದು, ಸುಳ್ಳಾಗದು. ಆದರೆ ಲಸಿಕೆಯಿಂದ ಬಂದುದು ಬಹುಮಟ್ಟಿಗೆ ಒಂದೇ ಸಲ ಬಂದು ತೀರುವ ರೋಗ. ಮಲ್ಟಿಪಲ್ ಸ್ಕ್ಲೀರೋಸಿಸ್ ಮರಳಿ ಮರಳಿ ಬರುವುದು. ಎರಡನ್ನೂ ಒಂದೆಂದು ಹೇಳಲಾಗದು. ಕಣಗಳ ವರ್ತನೆಯಲ್ಲಿ ಸಾಮ್ಯವಿದೆಯೆನ್ನಬಹುದು.

ಈ ಕಣಗಳನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂಬುದೂ ಒಂದು ಚರಿತ್ರೆಯೇ. ತುಮಕೂರು ಸೀಮೆಯ ಬೆಳ್ಳಾವೆಯ ಹೆಸರನ್ನು ಹೊತ್ತ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದರು; ಪಂಪಭಾರತದ ಸಂಪಾದನೆಯಲ್ಲಿ ದುಡಿದ ಕೈಯಿಂದಲೇ ‘ಜೀವವಿಜ್ಞಾನ’ವನ್ನೂ ಬರೆದರು. ಬಿಳಿಯ ರಕ್ತಕಣ, ಶ್ವೇತಕಣ, ದುಗ್ಧಕಣ ಎಂಬ ಮಾತುಗಳು ಈಗ ಓದುವವರಿಗೆ ಅಪರಿಚಿತವಲ್ಲ. ರೋಗದ ಹೆಸರಿಗೆ ಮಾತ್ರ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಮಾತು ನಿಂತಿಲ್ಲ.

ಕುಣಿಗಲಿನ ಮೇಲೆ ಹಾದುಹೋಗುವ ಹೆದ್ದಾರಿಯ ಪೂರ್ವಕ್ಕೆ ಬೆಂಗಳೂರಿದ್ದರೆ ಪಶ್ಚಿಮದ ಕೊನೆಗೆ ಮಂಗಳೂರಿದೆ. ಈ ರೋಗವು ಶೀತದೇಶಗಳವರದೆಂದೂ ಭಾರತದಲ್ಲಿ ಅತಿ ವಿರಳವೆಂದೂ ಬಹುಕಾಲ ನಂಬಿದ್ದರು. ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಲಕ್ಷಕ್ಕೆ ಸುಮಾರು 8 ಜನರಲ್ಲಿ ಇದು ಕಂಡುಬಂದಿತು. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಜನರು 26 ಲಕ್ಷ 78 ಸಾವಿರಕ್ಕೂ ಮೇಲೆ. ಅದೇ ಪ್ರಮಾಣವನ್ನು ಇಲ್ಲಿಗೂ ಹಿಡಿದರೆ ಇನ್ನೂರಕ್ಕೂ ಮಿಕ್ಕ ಜನರಾಗುವರು. ಕರಾವಳಿಯ ನಗರದ ಪ್ರಮಾಣವನ್ನು ಬಯಲುಸೀಮೆಯ ಹಳ್ಳಿಗಳಿಗೆ ಅನ್ವಯಿಸುವುದು ಅಳತೆಯಲ್ಲ, ಅಂದಾಜು ಮಾತ್ರ.

ಹಾಗಾದರೆ ರಕ್ತದಲ್ಲಿ ಸಂಖ್ಯೆ ಏಕೆ ಬದಲಾಗದು? ದೇಹದ ಲಿಂಫೋಸೈಟುಗಳಲ್ಲಿ ರಕ್ತದಲ್ಲಿ ಹರಿಯುತ್ತಿರುವುದು ನೂರಕ್ಕೆ ಎರಡು ಮೂರರಷ್ಟೇ. ಉಳಿದವು ದುಗ್ಧಗ್ರಂಥಿ, ಗುಲ್ಮ, ಮಜ್ಜೆ, ಕರುಳುಗಳಲ್ಲಿರುತ್ತವೆ. ಮಿದುಳಿಗೆ ನುಗ್ಗುವವು ಇವುಗಳಲ್ಲಿ ಅತ್ಯಲ್ಪ. ಬೆನ್ನುಹುರಿಯ ಸುತ್ತಣ ನೀರಿನಲ್ಲಿ ಸಹಜವಾಗಿ ಘನ ಮಿಲಿಮೀಟರಿಗೆ ಐದಕ್ಕಿಂತ ಹೆಚ್ಚು ಬಿಳಿಯ ಕಣಗಳಿರುವುದಿಲ್ಲ. ಈ ರೋಗದಲ್ಲಿ ಸ್ವಲ್ಪ ಏರಿದರೂ ಐವತ್ತನ್ನು ದಾಟುವುದು ಅಪರೂಪ. ದಾಟಿದರೆ ವೈದ್ಯರು ಬೇರೆ ರೋಗವನ್ನು ಶಂಕಿಸುವರು. ರಕ್ತದಲ್ಲಿ ಎಣಿಕೆ ಏರಿದ್ದರೆ, ಈ ರೋಗಿಗಳಲ್ಲಿ ಮೇಲಿಂದ ಮೇಲೆ ಕಾಣುವ ಮೂತ್ರದ ಸೋಂಕನ್ನೋ, ರೋಗ ಕೆರಳಿದಾಗ ಕೆಲದಿನ ಕೊಡುವ ಸ್ಟೀರಾಯ್ಡ್ ಮದ್ದನ್ನೋ ಮೊದಲು ನೆನೆಯಬೇಕು.

ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯವನ್ನು ಕೊಟ್ಟುವು ಎರಡು ಔಷಧಗಳು. ಅಮೆರಿಕದಲ್ಲಿ 2004ರಲ್ಲಿ ಅನುಮತಿ ಪಡೆದ ನಟಾಲಿಜುಮಾಬ್ ಎಂಬುದು ಕಣಗಳು ನಾಳದ ಗೋಡೆಯನ್ನು ದಾಟದಂತೆ ತಡೆಯುತ್ತದೆ; ದಾಟಲಾರದ ಲಿಂಫೋಸೈಟುಗಳು ರಕ್ತದಲ್ಲಿಯೇ ಉಳಿಯುವುದರಿಂದ ಅವುಗಳ ಸಂಖ್ಯೆ ಏರುವುದು, ರೋಗ ತಗ್ಗುವುದು. 2010ರಲ್ಲಿ ಬಂದ ಫಿಂಗೋಲಿಮಾಡ್ ಅವುಗಳನ್ನು ಗ್ರಂಥಿಗಳಲ್ಲಿಯೇ ಕಟ್ಟಿಹಾಕುತ್ತದೆ. ರಕ್ತದಲ್ಲಿ ಅವು ಮೊದಲಿದ್ದುದರ ಕಾಲು ಭಾಗದಷ್ಟಕ್ಕೆ ಇಳಿಯುವುವು, ಆಗಲೂ ರೋಗ ತಗ್ಗುವುದು. ಒಂದರಲ್ಲಿ ಎಣಿಕೆ ಮೇಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ, ಫಲ ಒಂದೇ. ಎಣಿಕೆಯಿಂದ ರೋಗವನ್ನು ಅಳೆಯುವುದಾಗದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಇಂತಹ ಕಣವೊಂದರಲ್ಲಿಯೇ ನೆಲಸುವ ಎಪ್‌ಸ್ಟೀನ್-ಬಾರ್ ವೈರಸ್ಸು ಈ ರೋಗಕ್ಕೆ ಪೂರ್ವಭಾವಿಯೆಂದು ಅಮೆರಿಕದ ಸೈನಿಕರ ರಕ್ತವನ್ನು ಪರೀಕ್ಷಿಸಿದ ವಿದ್ವಾಂಸರು 2022ರಲ್ಲಿ ತೋರಿಸಿರುವುದರಿಂದ ಚರಿತ್ರೆ ಮತ್ತೆ ಬಿಳಿಯ ಕಣದ ಕಡೆಗೇ ತಿರುಗಿದೆ.

ಔಷಧ ತೊಡಗಿದ ಮೇಲಾದರೋ ಚೀಟಿಯ ಆ ಸಾಲಿಗೆ ಹೊಸ ಬೆಲೆ ಬರುವುದು. ಡೈಮೀಥೈಲ್ ಫ್ಯೂಮರೇಟ್ ಸೇವಿಸುವವರಲ್ಲಿ ಲಿಂಫೋಸೈಟುಗಳು ಆರು ತಿಂಗಳಿಗೂ ಮೀರಿ 500ಕ್ಕಿಂತ ಕೆಳಗೆ ನಿಂತರೆ ಔಷಧವನ್ನು ನಿಲ್ಲಿಸುವುದನ್ನು ಆಲೋಚಿಸಬೇಕು. ಇಲ್ಲವಾದರೆ ಜೆಸಿ ಎಂಬ ವೈರಸ್ಸು ಮಿದುಳನ್ನು ಹೊಗುವ ಭಯವುಂಟು. ಈ ಪರೀಕ್ಷೆಗೆ ಪ್ರತಿಸಲವೂ ಬೆಂಗಳೂರಿಗೆ ಹೋಗಬೇಕಾದುದಿಲ್ಲ. ತಾಲ್ಲೂಕು ಸ್ಥಳದ ಪ್ರಯೋಗಾಲಯವೇ ಸಾಕು. ಭಾರತದಲ್ಲಿ ಹೆಚ್ಚಾಗಿ ಬಳಸುವ ರಿಟುಕ್ಸಿಮಾಬ್ ವಿಷಯ ಬೇರೆ. ಅದು ಬಿ ಎಂಬ ಜಾತಿಯ ಲಿಂಫೋಸೈಟುಗಳನ್ನು ಹೆಚ್ಚುಕಡಮೆ ಪೂರ್ತಿಯಾಗಿ ಅಳಿಸಿಬಿಡುವುದು. ಆದರೆ ಅವು ಒಟ್ಟಿನಲ್ಲಿ ಸಣ್ಣ ಪಾಲಾದುದರಿಂದ ಸಾಮಾನ್ಯವಾದ ಎಣಿಕೆಯಲ್ಲಿ ಆ ನಷ್ಟ ತೋರುವುದೇ ಇಲ್ಲ. ಅವನ್ನು ಪ್ರತ್ಯೇಕವಾಗಿ ಎಣಿಸಲು ಫ್ಲೋ ಸೈಟೋಮೀಟರ್ ಎಂಬ ಯಂತ್ರವಿರುವ ಪ್ರಯೋಗಾಲಯಕ್ಕೆ ರಕ್ತವನ್ನು ಕಳುಹಿಸಬೇಕಾಗುವುದು.