ಮಗುವಿಗೆ ಥೆರಪಿ ಶುರು ಮಾಡುವ ಮುನ್ನ ಮನೆಯವರಿಗೆ ಗೊತ್ತಿರಬೇಕಾದ್ದು

ದಕ್ಷಿಣ ಕನ್ನಡದಲ್ಲಿ ‘ಕೌನ್ಸೆಲಿಂಗ್’ ಅಂದರೆ ಮೊದಲು ನೆನಪಾಗುವುದು ಸಿಇಟಿ ಸೀಟು. ಆಮೇಲೆ, ಠಾಣೆಯಲ್ಲೋ ಶಾಲೆಯ ಆಫೀಸಿನಲ್ಲೋ ಕೂರಿಸಿ ಹೇಳುವ ಬುದ್ಧಿಮಾತು. ಬೇರೆ ಧರ್ಮದ ಹುಡುಗನ ಜೊತೆ ಕಾಣಿಸಿಕೊಂಡ ಹುಡುಗಿಗೆ ಇಲ್ಲಿ ಆಗುವುದೂ ‘ಕೌನ್ಸೆಲಿಂಗ್’! ಹೀಗಾಗಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಯಲ್ಲಿ ಮಗುವಿಗೆ ಥೆರಪಿ ಬೇಕು ಅಂದರೆ, “ಅವನಿಗೆ ಯಾರಾದ್ರೂ ಸ್ವಲ್ಪ ಬುದ್ಧಿ ಹೇಳ್ಬೇಕು ಮಾರಾಯ್ರೆ” ಅಂತಲೇ ಅರ್ಥ. ಥೆರಪಿ ಅದಲ್ಲ. ಮನೆಯಲ್ಲಿ ಈ ಮಾತು ತೆಗೆಯುವ ಕೆಲಸ ಇದನ್ನು ಓದುತ್ತಿರುವ ಅಕ್ಕ ಅಥವಾ ಅಣ್ಣನಾದ ನಿಮ್ಮ ಮೇಲೆಯೇ ಬೀಳುವ ಸಾಧ್ಯತೆ ಹೆಚ್ಚು. ಅದಕ್ಕೇ ಇಷ್ಟು ವಿವರ.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಕೆಟ್ಟ ಭಾಗ ಬಿಚ್ಚಿ ಕೊಟ್ಟರೆ ರಿಪೇರಿ ಆಗಿ ಬರುತ್ತದೆ. ಮಗುವನ್ನು ಹಾಗೆ ಬಿಚ್ಚಿ ಕೊಡಲಾಗದು. ಮೊದಲ ಒಂದೆರಡು ಭೇಟಿಗಳಲ್ಲಿ ಪ್ರಶ್ನೆಗಳು ಬರುವುದು ಹೆಚ್ಚಾಗಿ ದೊಡ್ಡವರಿಗೇ: ಹೆರಿಗೆ ಹೇಗಾಯಿತು, ಮಾತು ಯಾವಾಗ ಬಂತು, ಮನೆಯಲ್ಲಿ ಯಾರ್ಯಾರಿದ್ದಾರೆ, ಯಾರು ಕುಡಿಯುತ್ತಾರೆ, ಯಾರು ಹೊಡೆಯುತ್ತಾರೆ. “ನಮ್ಮನ್ನು ಯಾಕೆ ಕೇಳ್ತೀರಿ?” ಅಂತ ಸಿಟ್ಟಾಗಿ ಎದ್ದು ಬರುವ ಅಪ್ಪಂದಿರಿದ್ದಾರೆ. ಚಿಕ್ಕ ಮಕ್ಕಳ ಹಟ, ಸಿಟ್ಟಿನ ವಿಷಯದಲ್ಲಂತೂ ಹೆತ್ತವರಿಗೆ ಕೊಡುವ ತರಬೇತಿಯೇ ಮುಖ್ಯ ಚಿಕಿತ್ಸೆ. ಅಪ್ಪ ಗಲ್ಫ್‌ನಲ್ಲಿದ್ದರೆ ವಿಡಿಯೋ ಕಾಲ್‌ನಲ್ಲಿ ಸೇರಿಸಿಕೊಳ್ಳಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ಅಮ್ಮನೊಬ್ಬಳೇ ಬೀಡಿ ಕಟ್ಟುವ ಕೆಲಸ ಬಿಟ್ಟು ವಾರವಾರ ಓಡಾಡಿದರೆ, ಆಗದಿದ್ದಾಗ ತಪ್ಪೂ ಅವಳದ್ದೇ ಆಗುತ್ತದೆ.

ಎದುರಿಗೆ ಕೂತವರು ಯಾರು ಅನ್ನುವುದು ದೊಡ್ಡ ಪ್ರಶ್ನೆ. ಮನೋವೈದ್ಯರು ಎಂಬಿಬಿಎಸ್ ಓದಿ ಮನೋವೈದ್ಯಶಾಸ್ತ್ರದಲ್ಲಿ ಪರಿಣತಿ ಪಡೆದವರು. ಮಾತ್ರೆ ಬರೆಯುವುದು ಅವರ ಕೆಲಸ. ಕ್ಲಿನಿಕಲ್ ಸೈಕಾಲಜಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ನೋಂದಣಿ ಆಗಿರಬೇಕು, 1992ರ ಕಾಯ್ದೆ ಇರುವುದೇ ಅದಕ್ಕೆ. ಆದರೆ ‘ಕೌನ್ಸೆಲರ್’ ಅನ್ನುವ ಬೋರ್ಡನ್ನು ಒಂದು ವಾರದ ಕೋರ್ಸ್ ಮಾಡಿದವರೂ ಹಾಕಿಕೊಂಡಿರುತ್ತಾರೆ. ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ. ಗೇ, ಟ್ರಾನ್ಸ್ ಮಕ್ಕಳನ್ನು ‘ಸರಿ ಮಾಡಿಕೊಡ್ತೇವೆ’ ಅನ್ನುವವರ ಬಳಿಯಂತೂ ಕೂರಲೇಬೇಡಿ. ಅಂಥ ‘ಪರಿವರ್ತನಾ ಚಿಕಿತ್ಸೆ’ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಇನ್ನು ಗುಟ್ಟಿನ ವಿಚಾರ. ನನ್ನ ಪ್ರಕಾರ ಥೆರಪಿ ನಿಲ್ಲುವುದೂ ಬೀಳುವುದೂ ಇಲ್ಲೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಮಾಹಿತಿಯನ್ನು ಗೌಪ್ಯವಾಗಿಡುವ ಹಕ್ಕು ಕೊಟ್ಟಿದೆ. ಆದರೆ 18 ತುಂಬದವರ ಪರವಾಗಿ ನಿಲ್ಲುವುದು ಸಾಮಾನ್ಯವಾಗಿ ಹೆತ್ತವರೇ. ಹಾಗಾದರೆ ಹದಿನೈದರ ಹುಡುಗಿ ಹೇಳಿದ್ದೆಲ್ಲ ಅಪ್ಪನಿಗೆ ತಲುಪುತ್ತದಾ? ಒಳ್ಳೆಯ ಥೆರಪಿಸ್ಟ್ ಮೊದಲ ದಿನವೇ ಮಗುವಿನ ಎದುರೇ ಗೆರೆ ಎಳೆಯುತ್ತಾರೆ: ಪ್ರಾಣಕ್ಕೆ ಅಪಾಯವಿದ್ದರೆ ಮನೆಯವರಿಗೆ ಹೇಳಲೇಬೇಕು, ಉಳಿದದ್ದು ನಿನ್ನನ್ನು ಕೇಳಿಯೇ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ಮನೆಯ ಮಾನ’ ಅಂತ ಮುಚ್ಚಿಡಲು ಥೆರಪಿಸ್ಟ್‌ಗೂ ಅವಕಾಶವಿಲ್ಲ, ನಿಮಗೂ ಇಲ್ಲ. ಹೊರಗೆ ಬಂದ ಕೂಡಲೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು “ಏನೆಲ್ಲ ಹೇಳಿದೆ?” ಅಂತ ಕೇಳಬೇಡಿ. ಮಾಲ್‌ಗೆ ಹೋಗೋಣ ಅಂತ ಸುಳ್ಳು ಹೇಳಿ ಮಂಗಳೂರಿಗೆ ಕರೆದೊಯ್ಯಲೂಬೇಡಿ.

ಭಾಷೆಯನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್. ನಮ್ಮ ಕಡೆ ‘ಬೇಜಾರು’ ಅಂದರೆ ದುಃಖವೂ ಆಯಿತು, ಬೋರ್ ಆಗುವುದೂ ಆಯಿತು, ಮುನಿಸೂ ಆಯಿತು. ಮಗು ಅಳುವ ಭಾಷೆ ಗೊತ್ತಿರುವವರು ಸಿಗುತ್ತಾರಾ ವಿಚಾರಿಸಿ. ಈಗಾಗಲೇ ಪ್ರಶ್ನೆ ಇಟ್ಟು ನೋಡಿದ್ದರೆ, ದೈವಕ್ಕೆ ಹರಕೆ ಹೇಳಿದ್ದರೆ, ಉಸ್ತಾದರ ಬಳಿ ಹೋಗಿದ್ದರೆ ಅದನ್ನೂ ಹೇಳಿ. ಅದರಲ್ಲಿ ನಾಚಿಕೆಯೇನಿಲ್ಲ. ಹರಕೆ ಹೇಳಿದೆವು ಅಂತ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡ.

‘ಥೆರಪಿ’ ಪದಕ್ಕೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತ ಬೇರೆಯದೇ ಅರ್ಥವಿದೆ. ಗೇರು ತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳವು. ಅಲ್ಲಿನ ಮನೆಗಳಿಗೆ ಥೆರಪಿ ಅಂದರೆ ಫಿಸಿಯೋ, ಮಾತಿನ ತರಬೇತಿ. ಹಗಲೂ ರಾತ್ರಿ ನೋಡಿಕೊಳ್ಳುವ ಅಮ್ಮಂದಿರ ಮನಸ್ಸಿನ ಬಗ್ಗೆ ವಿಚಾರಿಸುವವರು ಕಡಿಮೆ. ಕುಟುಂಬ ಥೆರಪಿ ಮೊದಲು ಮುಟ್ಟಬೇಕಾದ್ದು ಇಂಥವರನ್ನು, ಆದರೆ ಅದು ಸಿಗುವುದು ಮಂಗಳೂರಿನ ಖಾಸಗಿ ಕ್ಲಿನಿಕ್‌ನಲ್ಲಿ ಫೀಸು ಕೊಡಬಲ್ಲವರಿಗೆ.

ದುಡ್ಡಿಲ್ಲದಿದ್ದರೆ? ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಆರೈಕೆ ಪಡೆಯುವುದು ಅದೇ 2017ರ ಕಾಯ್ದೆಯಡಿ ನಿಮ್ಮ ಹಕ್ಕು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗಬೇಕು. ದಿನ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಇದೆ. ಆದರೆ ಬೆಳ್ತಂಗಡಿಯಿಂದ ಅಲ್ಲಿಗೆ ಸುಮಾರು 60 ಕಿ.ಮೀ. ಬಸ್ಸು, ಅಂದರೆ ಒಂದು ದಿನದ ದುಡಿಮೆ ಹೋಯಿತು. ರಾತ್ರಿ ಹೊತ್ತಿಗೆ ಟೆಲಿ ಮಾನಸ್ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅದು ವಾರವಾರದ ಥೆರಪಿಗೆ ಬದಲಿ ಅಲ್ಲ. ತಾಲ್ಲೂಕಿಗೊಬ್ಬ ಮಕ್ಕಳ ಸೈಕಾಲಜಿಸ್ಟ್ ಬೇಕು ಅಂತ ಶಾಸಕರನ್ನು ಯಾವ ಚುನಾವಣೆಯಲ್ಲಿ ಕೇಳಿದ್ದೇವೆ ಹೇಳಿ.

ಮೂಡುಬಿದಿರೆ, ಉಜಿರೆಗೆ ರಾಜ್ಯದ ಮೂಲೆಮೂಲೆಯಿಂದ ಮಕ್ಕಳನ್ನು ತಂದು ಹಾಸ್ಟೆಲಿಗೆ ಬಿಡುವ ಹೆತ್ತವರಿಗೆ ಇನ್ನೊಂದು ಮಾತು. ವಿಶಾಖಪಟ್ಟಣದ ನೀಟ್ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಮಕ್ಕಳ ಮಾನಸಿಕ ಆರೋಗ್ಯದ ತರಬೇತಿ ಪಡೆದ ಒಬ್ಬರಾದರೂ ಅರ್ಹ ಸಲಹೆಗಾರರು ಇರಬೇಕು. ಅಂಕ ನೋಡಿ ಬ್ಯಾಚ್ ಬೇರೆ ಮಾಡುವುದನ್ನೂ ಸಂಸ್ಥೆಗಳು ಬಿಡಬೇಕು. ಅಡ್ಮಿಶನ್ ದಿನ ಫೀಸು ಕಟ್ಟುವ ಮುಂಚೆ ಆ ಸಲಹೆಗಾರರ ಹೆಸರು, ಓದು, ವಾರಕ್ಕೆ ಎಷ್ಟು ಗಂಟೆ ಸಿಗುತ್ತಾರೆ ಅನ್ನುವುದನ್ನು ಕೇಳಿ. ಮಗು ಅವರಿಗೆ ಹೇಳಿದ್ದು ವಾರ್ಡನ್ ಕಿವಿಗೂ ಹೋಗುತ್ತದಾ ಅಂತಲೂ ಕೇಳಿ.