ಆರಕ್ಷರದ ಅನ್‌ಗೆಟ್‌ಸಿ

‘123+’ ಎಂದು ಟೈಪ್ ಮಾಡಿದ್ದನ್ನು ಸಿ ಪ್ರೋಗ್ರಾಂ ಒಂದೊಂದೇ ಅಕ್ಷರವಾಗಿ ಓದುತ್ತಿದೆ ಎನ್ನಿ. ಸಂಖ್ಯೆ 3ಕ್ಕೆ ಮುಗಿಯಿತೆಂದು ಅದಕ್ಕೆ ತಿಳಿಯುವುದು ‘+’ ಕೈಗೆ ಬಂದ ಮೇಲೆಯೇ. ಆದರೆ ಆ ‘+’ ಸಂಖ್ಯೆ ಓದುವ ಫಂಕ್ಷನ್‌ನದ್ದಲ್ಲ, ಮುಂದೆ ಓದುವವರದ್ದು. ಹಾಗಾಗಿ ಅದನ್ನು ವಾಪಸ್ ಇಡಬೇಕು. ಆ ಕೆಲಸದ ಹೆಸರೇ ‘ಅನ್‌ಗೆಟ್‌ಸಿ’.

ಇಡುವುದಕ್ಕೆ ‘ಪುಟ್’ ಸಾಕಿತ್ತು. ಆದರೆ ‘ಪುಟ್‌ಸಿ’ ಆಗಲೇ ಔಟ್‌ಪುಟ್‌ನ ಪಾಲಾಗಿತ್ತು. ಅದಕ್ಕೇ ಅಕ್ಷರ ಓದುವ ‘ಗೆಟ್‌ಸಿ’ಯ ತಲೆಗೆ ‘ಅನ್’ ಕಟ್ಟಿದಂತಿದೆ. ಸಿ ಭಾಷೆಯ ಬಗ್ಗೆ ಬರೆದ 1978ರ ತಮ್ಮ ಪುಸ್ತಕದಲ್ಲಿ ಕರ್ನಿಗನ್ ಮತ್ತು ರಿಚಿ ಕ್ಯಾಲ್ಕುಲೇಟರ್ ಉದಾಹರಣೆಗಾಗಿ ‘ಗೆಟ್‌ಚ್’, ‘ಅನ್‌ಗೆಟ್‌ಚ್’ ಎಂಬ ಜೋಡಿಯನ್ನು ಕೈಯಾರೆ ಬರೆದು ತೋರಿಸಿದರು. 1979ರ ಏಳನೇ ಆವೃತ್ತಿಯ ಯುನಿಕ್ಸ್ ಕೈಪಿಡಿಯಲ್ಲಿ ‘ಅನ್‌ಗೆಟ್‌ಸಿ’ಗೆ ತನ್ನದೇ ಪುಟವಿದೆ. ರೋಮನ್ ಲಿಪಿಯಲ್ಲಿ ಸರಿಯಾಗಿ 6 ಅಕ್ಷರ. ಫೈಲಿನಿಂದ ಫೈಲಿಗೆ ದಾಟುವ ಹೆಸರಿನ ಮೊದಲ 6 ಅಕ್ಷರ ಗುರುತಿಸಿದರೆ ಸಾಕು ಎಂದು 1989ರ ಆನ್ಸಿ ಸಿ ಮಾನದಂಡ ಕೂಡ ಹೇಳುತ್ತಿತ್ತು.

ಹೆಸರು ಮಾತ್ರ ಪೂರ್ತಿ ನಿಜವಲ್ಲ. ‘+’ ಓದಿ ‘-’ ವಾಪಸ್ ಕೊಟ್ಟರೂ ಸಿ ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಕೊಟ್ಟದ್ದು ಫೈಲನ್ನು ಮುಟ್ಟುವುದೂ ಇಲ್ಲ. ‘ಎಫ್‌ಸೀಕ್’ ಅಥವಾ ‘ರಿವೈಂಡ್’ ಮಾಡಿದರೆ ಮಾಯ. ಗ್ಯಾರಂಟಿಯೂ ಒಂದು ಅಕ್ಷರಕ್ಕಷ್ಟೇ. ಕಾಮನ್ ಲಿಸ್ಪ್ ಇಲ್ಲಿ ಖಡಾಖಂಡಿತ: ಅದರ ‘ಅನ್‌ರೀಡ್-ಚಾರ್’ಗೆ ಕೊನೆಗೆ ಓದಿದ ಅಕ್ಷರವನ್ನೇ ಕೊಡಬೇಕು. ಸಿ++ ಎರಡು ಅರ್ಥಗಳನ್ನೂ ಪಾಲು ಮಾಡಿ, ಓದಿದ್ದನ್ನು ಹಾಗೇ ಹಿಂದಕ್ಕೆ ಬಿಡುವುದನ್ನು ‘ಅನ್‌ಗೆಟ್’ ಎಂದೂ, ಇಂಥ ಅಕ್ಷರವೆಂದು ಹೇಳಿ ಇಡುವುದನ್ನು ‘ಪುಟ್‌ಬ್ಯಾಕ್’ ಎಂದೂ ಕರೆಯಿತು. ನನಗೆ ಇದೇ ಪ್ರಾಮಾಣಿಕ ಹಂಚಿಕೆ.

ಇನ್ನು ಕೊನೆಯ ಆ ‘ಸಿ’. ಕ್ಯಾರೆಕ್ಟರ್ ಎಂದರೂ ಸಿ ಭಾಷೆಯಲ್ಲಿ ಅದು ಒಂದು ಬೈಟ್. ಯುಟಿಎಫ್-8ರಲ್ಲಿ ನಮ್ಮ ‘ಕ’ 3 ಬೈಟ್. ‘ಕ್ಷ’ ಎಂದರೆ ಕ, ವಿರಾಮ, ಷ ಸೇರಿ 9. ಒಂದು ಬೈಟಿನ ಗ್ಯಾರಂಟಿ ನಂಬಿಕೊಂಡು ಕನ್ನಡದ ಒಂದೇ ಒಂದು ಅಕ್ಷರವನ್ನೂ ವಾಪಸ್ ಕೊಡಲಾಗದು. ಸಿ ಮಾನದಂಡದ 1995ರ ತಿದ್ದುಪಡಿಯಲ್ಲಿ ಬಂದ ‘ಅನ್‌ಗೆಟ್‌ಡಬ್ಲ್ಯುಸಿ’ ಲಿನಕ್ಸ್‌ನಲ್ಲಿ ‘ಕ’ವನ್ನೇನೋ ಒಪ್ಪುತ್ತದೆ, ‘ಕ್ಷ’ಕ್ಕೆ ಅದರ ಗ್ಯಾರಂಟಿಯೂ ಸಾಲದು. ರೂಬಿ ಹಳೆಯ ಹೆಸರನ್ನೇ ಉಳಿಸಿಕೊಂಡು ಅರ್ಥ ಬದಲಿಸಿತು: 1.9ರಿಂದ ಅದರ ‘ಅನ್‌ಗೆಟ್‌ಸಿ’ಗೆ ‘ಕ್ಷ’ವನ್ನು ಇಡಿಯಾಗಿ ಸ್ಟ್ರಿಂಗ್ ರೂಪದಲ್ಲೇ ಕೊಡಬಹುದು, ಬಿಡಿ ಬೈಟಿಗೆ ‘ಅನ್‌ಗೆಟ್‌ಬೈಟ್’ ಬೇರೆ ಇದೆ.